ಸುಕ್ಕೋತ್ ಹಬ್ಬಕ್ಕೆ ಕರೆದಿದಾರಾ? ಹೋಗೋಕ್ ಮುಂಚೆ ಇದನ್ನ ಓದ್ಕೊಳಿ

ನ್ಯೂಜೆರ್ಸಿಲೋ ಲಂಡನ್ನಲ್ಲೋ ಇರೋರಿಗೆ ಇದು ಗೊತ್ತಿರುತ್ತೆ, ಸೆಪ್ಟೆಂಬರ್ ಕೊನೆ ಅಥ್ವಾ ಅಕ್ಟೋಬರ್ ಬಂತಂದ್ರೆ ಯಹೂದಿ ಕಲೀಗ್ ಯಾರಾದ್ರೂ "ನಮ್ಮನೆ ಸುಕ್ಕಾಗೆ ಊಟಕ್ ಬನ್ನಿ" ಅಂತಾರೆ. ಸುಕ್ಕೋತ್ ಅವರ ಒಂದು ವಾರದ ಹಬ್ಬ, ಸುಕ್ಕಾ ಅಂದ್ರೆ ಅದಕ್ಕೆ ಹಾಕೋ ಚಪ್ಪರ. ಸಂಕೋಚ ಪಡ್ದೆ ಹೋಗಿ. ಈ ಹಬ್ಬದಲ್ಲಿ ಖುಷಿಯಾಗಿರೋದು ಅವರವರ ಮೂಡಿಗೆ ಬಿಟ್ಟಿದ್ದಲ್ಲ, ಅದೇ ಒಂದು ಕಟ್ಟಳೆ. ಬೈಬಲ್ಲಿನ ಧರ್ಮೋಪದೇಶಕಾಂಡದ 16ನೇ ಅಧ್ಯಾಯದಲ್ಲಿ ಯಾರ್ಯಾರು ಸಂತೋಷಪಡಬೇಕು ಅಂತ ಲಿಸ್ಟೇ ಇದೆ, ಮಕ್ಕಳು, ಮನೆ ಆಳುಗಳು, ಅನಾಥರು, ವಿಧವೆಯರು, ಪರದೇಶಿಗಳು. ಕೊನೇದ್ರಲ್ಲಿ ನಮ್ಮನ್ನೂ ಸೇರಿಸ್ಕೊಬೋದು! 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಅಂತೂ ಇನ್ನೂ ಪ್ರಾಕ್ಟಿಕಲ್: ಮಕ್ಕಳಿಗೆ ಹುರಿದ ಕಾಳು ಸಿಹಿ ಕೊಡಿ, ಹೆಂಗಸ್ರಿಗೆ ಕೈಲಾದಷ್ಟು ಬಟ್ಟೆ ಒಡವೆ, ಗಂಡಸ್ರಿಗೆ ಮಾಂಸ ವೈನು, ಆದ್ರೆ ಬಡವರಿಗೆ ಹಾಕ್ದೆ ಬಾಗ್ಲು ಹಾಕ್ಕೊಂಡು ಮನೆಯವ್ರೇ ತಿಂದ್ರೆ ಅದು ಬರೀ ಹೊಟ್ಟೆ ಖುಷಿ ಅಂತ ಬೈದು ಬರೆದಿದಾರೆ.

ಡೇಟ್ ಕೇಳಿದ್ರೆ ನಡುವಿನ ದಿನ ಹೇಳಿ. ಇಸ್ರೇಲಿನ ಹೊರಗೆ ಮೊದಲ 2 ದಿನ ಸಂಪ್ರದಾಯಸ್ಥರು ಫೋನ್ ಮುಟ್ಟಲ್ಲ, ಕಾಲಿಂಗ್ ಬೆಲ್ ಕೂಡ ಒತ್ತಲ್ಲ, ಫೋಟೋ ಅಂತೂ ಕೇಳ್ಲೇಬೇಡಿ.

ಬಿಡುವಿದ್ರೆ ಹಬ್ಬಕ್ಕೆ ಮುಂಚೇನೇ ಹೋಗಿ ಚಪ್ಪರ ಹಾಕೋಕೆ ಕೈ ಹಾಕಿ, ಮಜಾ ಇರುತ್ತೆ. ಗೋಡೆ ಬಟ್ಟೆದಾದ್ರೂ ನಡೆಯುತ್ತೆ, ಗಾಳಿಗೆ ಪಟಪಟ ಅನ್ನದಂಗೆ ಬಿಗಿಯಾಗಿ ಕಟ್ಟಬೇಕಷ್ಟೆ. ಮೇಲೆ ಹಾಕೋದು ಮಾತ್ರ ನೆಲದಿಂದ ಬೆಳೆದು ಕಡಿದಿರೋದೇ ಆಗ್ಬೇಕು, ಗರಿ, ಬಿದಿರು, ಸೊಪ್ಪು ಓಕೆ, ತಗಡು ಟಾರ್ಪಾಲು ಆಗಲ್ಲ. ಬಿಸಿಲಿಗಿಂತ ನೆರಳು ಜಾಸ್ತಿ ಇರ್ಬೇಕು, ಆದ್ರೂ ಸಂದೀಲಿ ನಕ್ಷತ್ರ ಕಾಣೋ ಥರ ಬಿಡೋದು ವಾಡಿಕೆ. ಮರದ ಕೆಳಗೆ, ಬಾಲ್ಕನಿ ಕೆಳಗೆ ಹಾಕೋಹಾಗಿಲ್ಲ.

ಮನೇಲಿ ಮಾಡಿದ ಚಕ್ಲಿ ಕೋಡುಬಳೆ ತಗೊಂಡ್ ಹೋಗ್ಬೇಡಿ, ನಿಮ್ ಕೈರುಚಿ ಬಗ್ಗೆ ಡೌಟಿಲ್ಲ, ಕೋಷರ್ ಪ್ರಾಬ್ಲಂ, ಅಂದ್ರೆ ಅವರ ಧರ್ಮದ ಊಟದ ನಿಯಮ. ಕೋಷರ್ ಗುರುತಿರೋ, ಓಪನ್ ಮಾಡ್ದಿರೋ ಪ್ಯಾಕೆಟ್ ತಗೊಳಿ. ಜಾಕೆಟ್ ಹಾಕ್ಕೊಂಡ್ ಹೋಗಿ, ರಾತ್ರಿ ಊಟ ಹೊರಗೇನೇ.

ಟೇಬಲ್ ಮೇಲೆ ನಾರಲ್ಲಿ ಸುತ್ತಿಟ್ಟ ಹಳದಿ ಹಣ್ಣು ಕಂಡ್ರೆ ಹುಷಾರು. ನಮ್ಮ ಮಾದಲ ಹಣ್ಣಿನ ಜಾತಿ ಅದು, ಎತ್ರೋಗ್ ಅಂತಾರೆ. ತುದೀಲಿ ಸಣ್ಣ ಮೊಗ್ಗಿನ ಥರ ಇರೋದು ಮುರಿದ್ರೆ ವಿಧಿಗೆ ಬರಲ್ಲ, ಕೊಳ್ಳೋವಾಗಂತೂ ಒಂದು ಚುಕ್ಕೆ ಇದ್ಯಾ ಅಂತ ಭೂತಗನ್ನಡಿ ಹಿಡಿದು ನೋಡೋರಿದಾರೆ. ಖರ್ಜೂರದ ಸುಳಿ ಗರಿ, ಮರ್ಟಲ್, ವಿಲ್ಲೋ ಕಡ್ಡಿ ಜೊತೆ ಇದನ್ನ ಹಿಡಿದು ನಾಲ್ಕು ದಿಕ್ಕು ಮೇಲೆ ಕೆಳಗೆ ಆಡಿಸ್ತಾರೆ, ಶನಿವಾರ ಬಿಟ್ಟು. ಅವರಾಗೇ ಕೈಗೆ ಕೊಟ್ರೆ ಹಿಡ್ಕೊಳಿ.

ಜೋರು ಮಳೆ ಬಂದ್ರೆ ತಟ್ಟೆ ಎತ್ಕೊಂಡು ಒಳಗೆ ಓಡೋದೇ. ನಂಗೆ ಭಾಳ ಇಷ್ಟವಾದ ನಿಯಮ ಇದು: ಸುಕ್ಕಾದಲ್ಲಿ ಕೂತು ಕಷ್ಟ ಪಡ್ತಿರೋನಿಗೆ ಅಲ್ಲಿರೋ ಕರ್ತವ್ಯದಿಂದ ವಿನಾಯ್ತಿ, ಹಟ ಹಿಡಿದು ನೆನೀತಾ ಕೂತ್ರೆ ಪುಣ್ಯ ಏನೂ ಇಲ್ಲ.

ಹಬ್ಬದ ಕೊನೇಲಿ ಸಿಮ್ಖಾತ್ ತೋರಾ, ಅಂದ್ರೆ ಅವರ ಧರ್ಮಗ್ರಂಥ ತೋರಾದ ಸಂಭ್ರಮದ ದಿನ. ಸಿನಗಾಗಲ್ಲಿ (ಅವರ ಪ್ರಾರ್ಥನಾ ಮಂದಿರ) ತೋರಾ ಸುರುಳಿಗಳನ್ನ ಎತ್ಕೊಂಡು 7 ಸುತ್ತು ಕುಣೀತಾರೆ, ಮಕ್ಕಳು ಅಪ್ಪಂದಿರ ಹೆಗಲ ಮೇಲೆ, ಒಂದು ಸುತ್ತು ಎಷ್ಟು ಹೊತ್ತು ಎಳೆಯುತ್ತೆ ಅಂತ ಹೇಳೋಕಾಗಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಆಗಿದ್ದು ಇಸ್ರೇಲಲ್ಲಿ ಇದೇ ಹಬ್ಬದ ದಿನ, ಆಮೇಲೂ ಕುಣಿತ ನಿಂತಿಲ್ಲ, ಆದ್ರೆ ಕಣ್ಣೀರೂ ಜೊತೇಲಿರುತ್ತೆ, ನೀವಾಗೇ ಆ ರಾಜಕೀಯ ತೆಗೀಬೇಡಿ. ಬಾಗ್ಲಲ್ಲಿ ಸೆಕ್ಯುರಿಟಿ ಇರ್ತಾರೆ, ಬರ್ತೀನಿ ಅಂತ ಮೊದ್ಲೇ ನಿಮ್ಮ ಫ್ರೆಂಡ್ ಕೈಲಿ ಹೇಳ್ಸಿಡಿ, ದೊಡ್ಡ ಬ್ಯಾಗ್ ಬೇಡ, ಆರಾಮಾಗಿರೋ ಶೂ ಹಾಕ್ಕೊಳಿ.