ಪೀಪಾಯಿಯ ಪರಿಮಳ: ಸಿಂಗಲ್ ಮಾಲ್ಟ್ ಸ್ಕಾಚ್ ಸವಿಯುವ ಕ್ರಮ

ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿ, ಸ್ಕಾಟ್ಲೆಂಡಿನಲ್ಲೇ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಮಾಗಿಸಿದ ವಿಸ್ಕಿಯೇ ಸಿಂಗಲ್ ಮಾಲ್ಟ್ ಸ್ಕಾಚ್. ಬಟ್ಟಿಯಿಂದ ಇಳಿದಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವನ್ನೂ ಪರಿಮಳದ ದೊಡ್ಡ ಪಾಲನ್ನೂ ಕೊಡುವುದು ಮರ. ಸವಿಯುವವರು ಅರಸಬೇಕಾದದ್ದೂ ಮುಖ್ಯವಾಗಿ ಅದನ್ನೇ.

ಇದಕ್ಕೆ ಸ್ಪೇಸೈಡ್ ಪ್ರದೇಶದ ಗ್ಲೆನ್‌ಫಾರ್ಕ್ಲಾಸ್ ಡಿಸ್ಟಿಲರಿಯ 105 ಎಂಬ ವಿಸ್ಕಿ ಒಳ್ಳೆಯ ಉದಾಹರಣೆ. 1865ರಿಂದ ಗ್ರಾಂಟ್ ಕುಟುಂಬದ ಕೈಯಲ್ಲಿರುವ ಈ ಡಿಸ್ಟಿಲರಿ ಒಲೊರೊಸೊ ಶೆರಿ ಎಂಬ ಸ್ಪೇನಿನ ಕಡು ವೈನ್ ತುಂಬಿದ್ದ ಪೀಪಾಯಿಗಳಿಗೆ ಹೆಸರಾದದ್ದು. 105 ಎಂಬುದು ಮದ್ಯದ ಕಡುತನ ಅಳೆಯುವ ಹಳೆಯ ಬ್ರಿಟಿಷ್ ಪ್ರೂಫ್ ಲೆಕ್ಕ. ಇಂದಿನ ಲೆಕ್ಕದಲ್ಲಿ ಶೇ 60 ಆಲ್ಕೋಹಾಲ್.

ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲೆನ್‌ಕೇರ್ನ್ ಮಾದರಿಯ ಲೋಟಕ್ಕೆ 20 ಮಿ.ಲೀ. ಸುರಿದು ಹತ್ತು ನಿಮಿಷ ಬಿಡಿ. ಐಸ್ ಬೇಡ, ತಂಪಿನಲ್ಲಿ ಪರಿಮಳ ಮೇಲೇಳುವುದಿಲ್ಲ. ಬಣ್ಣ ನೋಡಿ ವಯಸ್ಸು ಅಳೆಯಲೂ ಹೋಗಬೇಡಿ, ಏಕೆಂದರೆ ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲಿ ಅವಕಾಶವಿದೆ.

ಮೂಗನ್ನು ಲೋಟದೊಳಗೆ ಇಳಿಸದೆ, ಅಂಚಿನಿಂದ ತುಸು ದೂರದಲ್ಲಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡೇ ಮೂಸಿರಿ. ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲಿನ ಘಾಟು. ಆತುರಪಡದಿದ್ದರೆ ಅದರ ಹಿಂದಿನಿಂದ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಲವಂಗ ಒಂದೊಂದಾಗಿ ಬರುತ್ತವೆ. ಅರ್ಧ ಚಮಚದಷ್ಟನ್ನು ನಾಲಿಗೆಯ ಮೇಲೆಲ್ಲ ಆಡಿಸಿ, ನಿಧಾನವಾಗಿ ನುಂಗಿ.

ಇನ್ನು ನೀರು. ನೀರು ಬೆರೆಸಿದರೆ ವಿಸ್ಕಿ ಕೆಡುತ್ತದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ; ಇಷ್ಟು ಕಡುವಾದ ವಿಸ್ಕಿ ನೀರಿಲ್ಲದೆ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ವಾಸನೆಯಿಲ್ಲದ ನೀರನ್ನು ಡ್ರಾಪರ್‌ನಿಂದ ಹನಿಹನಿಯಾಗಿ ಬಿಡಿ. ಹನಿ ಬಿದ್ದಲ್ಲಿ ಎಣ್ಣೆಯೆಳೆಯಂತಹ ಗೆರೆಗಳು ಸುರುಳಿ ಸುತ್ತಿ ಕರಗುವುದನ್ನು ಬೆಳಕಿಗೆ ಹಿಡಿದು ಕಾಣಬಹುದು. ಕೆಲವು ಹನಿಗಳಿಗೊಮ್ಮೆ ನಿಲ್ಲಿಸಿ ಮತ್ತೆ ಮೂಸಿರಿ. 20 ಮಿ.ಲೀ.ಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಸೇರಿದಾಗ ಆಲ್ಕೋಹಾಲಿನ ಪ್ರಮಾಣ ಶೇ 48ರ ಸುಮಾರಿಗೆ ಇಳಿಯುತ್ತದೆ. ಉರಿ ಅಡಗಿ, ಹಣ್ಣಿನ ಸಿಹಿ ಮುಂದಾಗುವುದು ಸಾಮಾನ್ಯವಾಗಿ ಇಲ್ಲೇ. ನುಂಗಿದ ಮೇಲೆ ವಸಡಿನ ಬಳಿ ಹಸಿ ಅಡಿಕೆಯಂತಹ ಚೊಗರು ಉಳಿದರೆ, ಅದು ಓಕ್ ಮರ ಬಿಟ್ಟುಕೊಟ್ಟ ಟ್ಯಾನಿನ್.

ಶೆರಿ ಪೀಪಾಯಿಯ ಪಾತ್ರ ಸ್ಪಷ್ಟವಾಗಬೇಕಾದರೆ, ಬರ್ಬನ್ ಎಂಬ ಅಮೆರಿಕನ್ ವಿಸ್ಕಿ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ ಗ್ಲೆನ್‌ಮೊರೆಂಜಿ ಒರಿಜಿನಲ್ ಅನ್ನು ಪಕ್ಕದಲ್ಲಿಡಿ. ಅದರಲ್ಲಿ ವೆನಿಲ್ಲಾ, ಜೇನಿನ ಕಡೆಗೆ ಒಲಿದ ಪರಿಮಳ ಸಿಗುತ್ತದೆ. ಹಗುರವಾದ ಅದನ್ನೇ ಮೊದಲು ಸವಿದು, ನಡುವೆ ನೀರು ಕುಡಿದು, ಅನಂತರ 105ಕ್ಕೆ ಬನ್ನಿ. ಕ್ರಮ ತಿರುಗಿಸಿದರೆ ಕಡುವಾದದ್ದರ ಮುಂದೆ ಗ್ಲೆನ್‌ಮೊರೆಂಜಿಯ ರುಚಿ ನಾಲಿಗೆಗೆ ಹತ್ತುವುದೇ ಇಲ್ಲ.