ಆಫರ್ ಚಿಕನ್ ತಗೊಳ್ಳುವ ಮುಂಚೆ ಪ್ಯಾಕೆಟ್ ತಿರುವಿ ನೋಡಿ

ಕಲಬುರಗಿಯ ಮಾರ್ಟ್‌ಗಳಲ್ಲಿ ಫ್ರೀಜರ್ ಚಿಕನ್‌ಗೆ ಆಫರ್ ಕಂಡರೆ ಸುಮ್ನೆ ಹೆದರಬೇಡಿ. ಎಷ್ಟೋ ಸಲ ಎಕ್ಸ್‌ಪೈರಿ ತಾರೀಖು ಹತ್ತಿರ ಬಂದಿರುತ್ತದೆ, ಅಷ್ಟೇ. ಆ ತಾರೀಖಿನೊಳಗೆ ಅಡುಗೆ ಮಾಡುವುದಾದರೆ ಲಾಭವೇ ಅಲ್ವಾ?

ನಾನು ಮೊದಲು ನೋಡುವುದು ಪ್ಯಾಕೆಟ್ ಒಳಗಿನ ಮಂಜು. ಹರಳು ಹರಳಾಗಿ ಜಾಸ್ತಿ ಕಟ್ಟಿದ್ದರೆ, ತಳದಲ್ಲಿ ಕೆಂಪು ನೀರು ಗಡ್ಡೆಯಾಗಿದ್ದರೆ, ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಕರೆಂಟ್ ಹೋದಾಗ ಹೀಗಾಗುತ್ತದೆ. ಎಷ್ಟೇ ಸೋವಿ ಇರಲಿ, ಬಿಟ್ಟುಬಿಡಿ. ಫ್ರೀಜರ್ ಮೀಟರ್ ಮೈನಸ್ 18 ಡಿಗ್ರಿ ಆಸುಪಾಸು ತೋರಿಸಬೇಕು. ರಾಶಿಯ ಮೇಲಿನ ಪ್ಯಾಕೆಟ್ ಬೇಡ, ಕೆಳಗಿನದು ತೆಗೆಯಿರಿ.

ಫ್ರೀಜ್ ಮಾಡದ ಮಟನ್ ಆದರೆ ಕವರ್ ಮೇಲಿಂದಲೇ ಬೆರಳಲ್ಲಿ ಒತ್ತಿ. ಗುಳಿ ಕೂಡಲೇ ಮೇಲೆದ್ದರೆ ಸರಿ. ಬಣ್ಣ ಒಂದನ್ನೇ ನಂಬಬೇಡಿ, ಅಂಗಡಿಯ ಲೈಟು ಮೋಸ ಮಾಡುತ್ತದೆ. ಮನೆಯಲ್ಲಿ ಬಿಚ್ಚಿದಾಗ ಅಂಟಂಟಾಗಿದ್ದು ಹುಳಿ ವಾಸನೆ ಬಂದರೆ ಬಿಲ್ ಸಮೇತ ವಾಪಸ್ ಒಯ್ಯಿರಿ.

ಒಂದು ಸಲ ಚಿಕನ್ ಮೊದಲೇ ಬುಟ್ಟಿಗೆ ಹಾಕಿ, ಆಮೇಲೆ ಬೇಳೆ, ಎಣ್ಣೆ ಅಂತ ತಿರುಗಿದೆ. ಮೇ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ! ಮನೆ ಮುಟ್ಟುವಷ್ಟರಲ್ಲಿ ಚೀಲದ ತುಂಬ ನೀರು. ಈಗ ಎಲ್ಲಕ್ಕಿಂತ ಕೊನೆಗೆ ತಗೊಳ್ಳುತ್ತೇನೆ, ಥರ್ಮಾಕೋಲ್ ಡಬ್ಬಿ ಜೊತೆಗೇ ಒಯ್ಯುತ್ತೇನೆ. ಅಡುಗೆಯ ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಟ್ಟು ಕರಗಿಸಿ, ಹೊರಗೆ ಇಡಬೇಡಿ.