ಶ್ರೀಶೈಲ ಪಾದಯಾತ್ರೆ: ಗಾಡಿಗೆ ಯಾವುದು, ಹೆಗಲಿಗೆ ಯಾವುದು

ಹೋಳಿ ಹುಣ್ಣಿಮೆಯ ಬಣ್ಣ ಇನ್ನೂ ಕಿವಿ ಹಿಂದೆ ಉಳಿದಿರುವಾಗಲೇ ನಮ್ಮ ಬಾಗಲಕೋಟೆ ಕಡೆ ರಸ್ತೆಗಳಲ್ಲಿ ಕಂಬಿ (ದೇವರ ಹೆಸರಿನಲ್ಲಿ ಹೆಗಲ ಮೇಲೆ ಒಯ್ಯುವ ಅಲಂಕರಿಸಿದ ಕೋಲು) ಹೊತ್ತವರು ಕಾಣಿಸಿಕೊಳ್ಳುತ್ತಾರೆ. ಯುಗಾದಿ ಹೊತ್ತಿಗೆ ಆಂಧ್ರದ ಶ್ರೀಶೈಲಕ್ಕೆ, ನಮ್ಮ ಮಲ್ಲಯ್ಯನ (ಮಲ್ಲಿಕಾರ್ಜುನನ) ಗುಡಿಗೆ ಮುಟ್ಟಬೇಕು. ದಾರಿ ಸುಮಾರು 400 ಕಿಲೋಮೀಟರ್, 12-13 ದಿನದ ನಡಿಗೆ. ಇಷ್ಟು ದೂರ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವವರು ಕಡಿಮೆ. ಸಾಮಾನ್ಯವಾಗಿ ತಂಡಕ್ಕೊಂದು ಗಾಡಿ ಇರುತ್ತದೆ, ಟ್ರ್ಯಾಕ್ಟರೋ ಸಣ್ಣ ಗೂಡ್ಸ್ ಗಾಡಿಯೋ. ಬ್ಯಾಗು, ಹಾಸಿಗೆ, ಅಡುಗೆ ಪಾತ್ರೆ ಎಲ್ಲ ಹೇರಿಕೊಂಡು ಅದು ಮುಂದಿನ ವಸ್ತಿ ಊರಿಗೆ ಹೋಗಿ ನಿಲ್ಲುತ್ತದೆ. ನಾವು ಕೈಬೀಸಿಕೊಂಡು ನಡೆಯುತ್ತೇವೆ.

ಕೇಳಲು ಚೆನ್ನಾಗಿದೆ ಅಲ್ವಾ? ತೊಂದರೆ ಶುರುವಾಗುವುದೂ ಇಲ್ಲೇ. ಗಾಡಿ ಇದೆಯಲ್ಲ ಎಂದು ಅರ್ಧ ಮನೆ ತುಂಬಿಕೊಂಡು ಬರುವವರಿದ್ದಾರೆ. ಗಾಡಿ ಇದೆಯಲ್ಲ ಎಂದು ಬರಿಗೈಲಿ ಹೊರಡುವವರೂ ಇದ್ದಾರೆ.

ನಾನು ಮೊದಲ ವರ್ಷ ಎರಡನೇ ಗುಂಪಿನವನು. ಮೂರನೇ ದಿನ ನಮ್ಮ ಗಾಡಿಯ ಆಕ್ಸಲ್ ದಾರಿಯಲ್ಲೇ ಮುರಿಯಿತು. ನಾವು ಹತ್ತು ಜನ ಒಂದು ಶಾಲೆಯ ಜಗಲಿ ಮೇಲೆ ರಾತ್ರಿ 11 ಗಂಟೆಯವರೆಗೆ ಕಾದೆವು. ನನ್ನ ಜೇಬಿನಲ್ಲಿ ಸಾಯಲು ಬಂದ ಮೊಬೈಲು, 30 ರೂಪಾಯಿ, ಅಷ್ಟೇ. ಎಡಗಾಲ ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಪಟ್ಟಿ, ಮುಲಾಮು ಎಲ್ಲ ಗಾಡಿಯಲ್ಲಿ. ಆಗ ನಮ್ಮ ಜೊತೆಗಿದ್ದ ಅಜ್ಜಿ ಒಬ್ಬರು ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದರು. ಒಂದು ಅರೆಯಲ್ಲಿ ಎಲೆ, ಅಡಿಕೆ. ಇನ್ನೊಂದರಲ್ಲಿ ಸೂಜಿ, ಸಣ್ಣ ಹತ್ತಿ ಉಂಡೆ, ಜ್ವರದ ಗುಳಿಗೆ. ಮೂರನೆಯದರಲ್ಲಿ ನಾಲ್ಕು ಮಡಿಕೆ ಮಾಡಿದ 100ರ ನೋಟು, ಜೊತೆಗೆ ಮಗನ ಫೋನ್ ನಂಬರ್ ಬರೆದ ಚೀಟಿ. ಬ್ಯಾಗು ಕಟ್ಟುವುದನ್ನು ನಾನು ಕಲಿತದ್ದು ಆ ಸಂಚಿ ನೋಡಿ.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಗಾಡಿ ಇವತ್ತು ರಾತ್ರಿ ಸಿಗುವುದಿಲ್ಲ ಎಂದುಕೊಂಡೇ ಬೆಳಿಗ್ಗೆ ಹೊರಡಬೇಕು.

ಹಾಗಾಗಿ ಎರಡು ಚೀಲ ಬೇಕು. ಹೆಗಲಿಗೆ ಒಂದು ಸಣ್ಣದು, ಮಕ್ಕಳು ಟ್ಯೂಷನ್‌ಗೆ ಒಯ್ಯುವಷ್ಟು ದೊಡ್ಡದಿದ್ದರೆ ಸಾಕು. ನೀರು ಬಿಟ್ಟು ಅದರ ತೂಕ ಎರಡು ಕಿಲೋ ದಾಟಬಾರದು. ಒಂದು ಲೀಟರ್ ನೀರಿನ ಬಾಟಲಿ, ಓಆರ್‌ಎಸ್ ಪುಡಿ ನಾಲ್ಕು ಪ್ಯಾಕೆಟ್, ಟಾರ್ಚು, ಪವರ್ ಬ್ಯಾಂಕು, ಒಂದು ಜೊತೆ ಕಾಲುಚೀಲ, ಟವೆಲ್ಲು, ಒಂದು ತೆಳು ಹೊದಿಕೆ, ಆಧಾರ್ ಕಾರ್ಡು, ಚಿಲ್ಲರೆ ದುಡ್ಡು, ಸ್ವಲ್ಪ ಶೇಂಗಾ ಬೆಲ್ಲ. ದಿನಾ ನುಂಗುವ ಗುಳಿಗೆ ಇದ್ದರೆ ಅದು ಇಲ್ಲೇ ಇರಬೇಕು, ಯಾವ ಕಾರಣಕ್ಕೂ ಗಾಡಿಗೆ ಹಾಕಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಇನ್ನೂ ಹುಷಾರಾಗಿರಬೇಕು. ಮಾರ್ಚ್ ಬಿಸಿಲಲ್ಲಿ ನಿಂತ ಗಾಡಿಯ ತಾಡಪಾಲಿನ ಕೆಳಗೆ ಒಂದು ಮಧ್ಯಾಹ್ನ ಇಟ್ಟರೂ ಅದು ಕೆಟ್ಟು ಹೋಗಬಹುದು. ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆಯಲ್ಲಿ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ, ಆದರೆ ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ನಡೆಯುವ ಹರಕೆ ಹೊರುವ ಮುಂಚೆಯೂ ಕೇಳಬೇಕು.

ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಗಾಡಿ ಡ್ರೈವರ್‌ದು, ತಂಡದ ಹಿರಿಯರದು, ಮನೆಯದು. ಮೊಬೈಲಿನಲ್ಲಿ ಇದೆ ಅನ್ನಬೇಡಿ. ಮೊಬೈಲು ಸತ್ತಾಗಲೇ ಅಲ್ವಾ ನಂಬರು ಬೇಕಾಗುವುದು?

ಇನ್ನು ಗಾಡಿಗೆ ಹಾಕುವ ಬ್ಯಾಗು. ಒಬ್ಬರಿಗೆ ಆರೇಳು ಕಿಲೋ ಮೀರದಿದ್ದರೆ ಒಳ್ಳೆಯದು. ಬಟ್ಟೆ ಮೂರು ಜೊತೆ ಸಾಕು. ಈ ಬಿಸಿಲಿಗೆ ಸಂಜೆ ಒಗೆದು ಹಾಕಿದರೆ ಎದ್ದೇಳುವ ಹೊತ್ತಿಗೆ ಒಣಗಿರುತ್ತದೆ. ಜೀನ್ಸ್ ಬೇಡವೇ ಬೇಡ, ತೊಡೆ ಉಜ್ಜಿ ರಕ್ತ ಬರುತ್ತದೆ. ಸಡಿಲವಾದ ಹತ್ತಿ ಪೈಜಾಮ, ಬರ್ಮುಡಾ, ಚೂಡಿದಾರ್ ಯಾವುದಾದರೂ ನಡೆಯುತ್ತದೆ. ಆದರೆ ಮೊದಲೇ ನಾಲ್ಕು ಸಲ ಒಗೆದು ಮೆತ್ತಗಾದದ್ದೇ ತನ್ನಿ, ಹೊಸದು ಬೇಡ.

ಹಾಸಿಗೆ ವಿಷಯದಲ್ಲಿ ಮನೆಯಲ್ಲಿ ಒಂದು ಜಗಳ ಆಗುವುದು ಗ್ಯಾರಂಟಿ. ನಮ್ಮ ಅವ್ವ ಪ್ರತಿ ವರ್ಷ ಕೌದಿ ಒಯ್ಯಲು ಹೇಳುತ್ತಾಳೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ, ಹಾಸಲೂ ಆಯಿತು, ಹೊದೆಯಲೂ ಆಯಿತು. ಪ್ರೀತಿ ಏನೋ ಸರಿ. ಆದರೆ ಅದೊಂದೇ ಮೂರು ಕಿಲೋ ತೂಗುತ್ತದೆ, ಒದ್ದೆಯಾದರೆ ಐದು. 30 ಜನ 30 ಕೌದಿ ತಂದರೆ ಗಾಡಿಯಲ್ಲಿ ಅಕ್ಕಿಗೆ ಜಾಗ ಎಲ್ಲಿ? ಒಂದು ಪ್ಲಾಸ್ಟಿಕ್ ಚಾಪೆ, ಒಂದು ಚಾದರ, ಗಾಳಿ ತುಂಬುವ ದಿಂಬು ಸಾಕು. ಸೊಳ್ಳೆಗೆ ಹಚ್ಚುವ ಕ್ರೀಮು ಮರೆಯಬೇಡಿ. ಕಾಲುವೆ ನೀರಾವರಿ ಇರುವ ರಾಯಚೂರು ಸೀಮೆಯಲ್ಲಿ ಭತ್ತದ ಗದ್ದೆ ಪಕ್ಕ ಒಂದು ರಾತ್ರಿ ಮಲಗಿದರೆ ಯಾಕೆ ಹೇಳಿದೆ ಎಂದು ಗೊತ್ತಾಗುತ್ತದೆ.

ತಿನ್ನಲು ಜಾಸ್ತಿ ಒಯ್ಯಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಹದಿನೈದು ದಿನ ಕೆಡುವುದಿಲ್ಲ. ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿ. ಬ್ಯಾಗಿನಲ್ಲಿ ಹಾಕಿದರೆ ಸಂಜೆ ಸಿಗುವುದು ರೊಟ್ಟಿಯಲ್ಲ, ರೊಟ್ಟಿಯ ಪುಡಿ. ಆದರೆ ನಿಜ ಹೇಳಬೇಕೆಂದರೆ ದಾರಿಯಲ್ಲಿ ಹಸಿವಿಗೆ ಹೆದರಬೇಕಿಲ್ಲ. ಊರು ಊರಲ್ಲೂ ದಾಸೋಹ. ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ ಪಲ್ಯ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ ಕಳಿಸುವವರಿದ್ದಾರೆ. ಹಾಗಾಗಿ ಚೀಲದಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಇರಲಿ. ನಾವು ಎದ್ದು ಹೋದ ಮೇಲೆ ಆ ಊರಿನವರು ಪೇಪರ್ ಪ್ಲೇಟು ಆರಿಸುತ್ತಾ ಕೂರುವಂತೆ ಆಗಬಾರದು.

ಗಾಡಿ ಬ್ಯಾಗಿಗೆ ಗುರುತು ಮಾಡಿ. ಎಲ್ಲರದ್ದೂ ಅದೇ ಕಪ್ಪು ಬ್ಯಾಗು, ಇಲ್ಲದಿದ್ದರೆ ಅದೇ ಗೊಬ್ಬರದ ಚೀಲ. ಹಿಡಿಕೆಗೆ ಒಂದು ಹಳೇ ಸೀರೆಯ ಕೆಂಪು ಚೂರು ಕಟ್ಟಿ, ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆಯಿರಿ. ಒಳಗೆ ಬಟ್ಟೆಯನ್ನು ಸಣ್ಣ ಸಣ್ಣ ಕೈಚೀಲದಲ್ಲಿ ಬೇರೆ ಬೇರೆ ಇಡಿ. ಬಿಸಿಲು ತಪ್ಪಿಸಲು ರಾತ್ರಿ ಎರಡು, ಮೂರು ಗಂಟೆಗೇ ಎದ್ದು ಹೊರಡುತ್ತೇವೆ. ಆ ಕತ್ತಲಲ್ಲಿ ಒಬ್ಬ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುತ್ತಾ ಚಡ್ಡಿ ಹುಡುಕಿದರೆ ಸಾಕು, ನಾವು ಮಲಗಿದ ಇಡೀ ಶಾಲೆಗೆ ಎಚ್ಚರ. ಸಂಜೆ ಮೊದಲು ಬೇಕಾಗುವ ಚಪ್ಪಲಿ, ಲುಂಗಿ, ಸೋಪು ಮೇಲೆ ಇರಲಿ.

ಕತ್ತಲಲ್ಲಿ ಹೆದ್ದಾರಿ ಮೇಲೆ ನಡೆಯುವುದರಿಂದ ಬೆನ್ನ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಲೇಬೇಕು. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ. ಎದುರಿನ ಗಾಡಿ ಕಾಣುವಂತೆ ರಸ್ತೆಯ ಬಲಕ್ಕೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನನಗೆ ಇಡೀ ಯಾತ್ರೆಯಲ್ಲಿ ಹೆದರಿಕೆ ಆಗುವುದು ಇದೊಂದಕ್ಕೇ. ಕಾಡಿಗಲ್ಲ, ಲಾರಿಗೆ.

ಕಾಲಿನ ವಿಷಯಕ್ಕೆ ಬರೋಣ. ಹೊಸ ಶೂ ಹಾಕಿಕೊಂಡು ಹೊರಟವರು ಲಿಂಗಸುಗೂರು ಬರುವಷ್ಟರಲ್ಲಿ ಅದನ್ನು ಗಾಡಿಗೆ ಎಸೆದು ಚಪ್ಪಲಿ ಮೇಲೆ ಬಂದಿರುತ್ತಾರೆ. ಎರಡು ತಿಂಗಳು ಹಾಕಿ ಸವೆಸಿದ ಶೂ ಇರಲಿ, ಅಳತೆ ಒಂದು ಚೂರು ದೊಡ್ಡದೇ ಇರಲಿ, ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ಪಾದ ಊದುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಬೆರಳ ಸಂದಿಗೆ, ಹಿಮ್ಮಡಿಗೆ, ತೊಡೆ ಸಂದಿಗೆ ವ್ಯಾಸಲಿನ್ ಹಚ್ಚಿ. ಎರಡು ಗಂಟೆಗೊಮ್ಮೆ ಕೂತು ಕಾಲುಚೀಲ ಬಿಚ್ಚಿ ಪಾದಕ್ಕೆ ಗಾಳಿ ಆಡಿಸಿ. ಎಲ್ಲಾದರೂ ಬಿಸಿ ಅನಿಸಿದರೆ ಗುಳ್ಳೆ ಬರುವುದಕ್ಕೆ ಕಾಯದೆ ಅಲ್ಲೇ ಬಟ್ಟೆ ಪಟ್ಟಿ ಅಂಟಿಸಿ. ಗುಳ್ಳೆ ಬಂದೇ ಬಿಟ್ಟಿದ್ದರೆ, ನೋವಿಲ್ಲದ ಸಣ್ಣದನ್ನು ಮುಟ್ಟಬೇಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಮಾತ್ರ ಸ್ಪಿರಿಟ್‌ನಿಂದ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಇಳಿಸಿ, ಚರ್ಮ ಕೀಳದೆ ಪಟ್ಟಿ ಕಟ್ಟಿ. ದಾರ ಪೋಣಿಸಿ ಹಾಗೇ ಬಿಡುವ ರೂಢಿ ಇದೆ. ಬೇಡ, ಆ ದಾರದ ಗುಂಟ ಧೂಳು ಒಳಗೆ ಹೋಗಿ ಕೀವು ಆಗುತ್ತದೆ. ನೋವಿನ ಗುಳಿಗೆಯನ್ನು ಶೇಂಗಾದಂತೆ ನುಂಗುವವರಿಗೂ ಒಂದು ಮಾತು: ನೀರು ಕಡಿಮೆ ಕುಡಿದು ಅದನ್ನು ನುಂಗಿದರೆ ಕಿಡ್ನಿಗೆ ಪೆಟ್ಟು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಗೆ ಪೆಟ್ಟು.

ಕರ್ನೂಲು, ನಂದಿಕೊಟ್ಕೂರು ದಾಟಿ ಆತ್ಮಕೂರಿಗೆ ಬಂದ ಮೇಲೆ ಬ್ಯಾಗಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಮುಂದೆ ವೆಂಕಟಾಪುರಂನಿಂದ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ, ಸುಮಾರು 40 ಕಿಲೋಮೀಟರ್ ಕಾಲುದಾರಿ. ಗಾಡಿ ನಮ್ಮ ಜೊತೆ ಬರುವುದಿಲ್ಲ. ಅದು ದೋರ್ನಾಲದ ಮೇಲೆ 100 ಕಿಲೋಮೀಟರಿಗೂ ಜಾಸ್ತಿ ಸುತ್ತಿಕೊಂಡು ಶ್ರೀಶೈಲಕ್ಕೆ ಬರುತ್ತದೆ. ಅಂದರೆ ಎರಡು ದಿನ ನಿಮ್ಮ ಹೆಗಲ ಮೇಲೆ ಇದ್ದದ್ದೇ ನಿಮ್ಮದು.

ಅದಕ್ಕೇ ಆತ್ಮಕೂರಿನ ರಾತ್ರಿ ಎರಡೂ ಚೀಲ ಮುಂದೆ ಸುರಿದುಕೊಂಡು ಕೂರಬೇಕು. ನೀರಿನ ಬಾಟಲಿ ಒಂದಿದ್ದದ್ದು ಎರಡಾಗಲಿ. ನೀರಿನ ವ್ಯವಸ್ಥೆ ಮಾಡಿರುತ್ತಾರೆ, ಆದರೆ ಜನ ಲಕ್ಷದ ಲೆಕ್ಕದಲ್ಲಿ ನಡೆಯುವ ದಾರಿ, ನಿಮ್ಮ ಸರದಿ ಬರುವಷ್ಟರಲ್ಲಿ ಟ್ಯಾಂಕ್ ಖಾಲಿ ಇರಬಹುದು. ಚಾದರ, ಟಾರ್ಚಿಗೆ ಹೊಸ ಸೆಲ್ಲು, ಒಂದು ಹೊತ್ತಿನ ರೊಟ್ಟಿ, ಉಳಿದ ಗುಳಿಗೆ ಎಲ್ಲ ಹೆಗಲಿಗೆ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಆಫ್ ಮಾಡಿ ಇಡಿ. ಒಂದು ಗಟ್ಟಿ ಕೋಲು ಹಿಡಿದುಕೊಳ್ಳಿ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನಂತೆ, ಅವನ ಹೊಟ್ಟೆ ತಣ್ಣಗಿರಲಿ. ಆದರೆ ಭೀಮನಕೊಳ್ಳದಲ್ಲಿ ಇಳಿದು ಮತ್ತೆ ಏರುವಾಗ ಮೊಣಕಾಲು ನಡುಗುವುದಂತೂ ತಪ್ಪುವುದಿಲ್ಲ. ಆ ಏರಿನಲ್ಲಿ ಹೆಗಲಿಗೆ ಅರ್ಧ ಕಿಲೋ ಕಡಿಮೆ ಇದ್ದರೂ ಗೊತ್ತಾಗುತ್ತದೆ. ಇದು ಹುಲಿ ಇರುವ ಸಂರಕ್ಷಿತ ಕಾಡು. ಗುಂಪು ಬಿಟ್ಟು ಹೋಗಬೇಡಿ, ಖಾಲಿ ಬಾಟಲಿ, ಬಿಸ್ಕತ್ ಕವರ್ ವಾಪಸ್ ಚೀಲಕ್ಕೇ ಹಾಕಿ.

ಇನ್ನೊಂದು, ಜನ ಮರೆಯುವುದು ಇದನ್ನೇ. ದೇವರ ಮುಂದೆ ನಿಲ್ಲುವ ಬಟ್ಟೆಯನ್ನೂ ಕಾಡಿನ ಚೀಲದಲ್ಲೇ ಇಡಿ. ಸ್ಪರ್ಶ ದರ್ಶನಕ್ಕೆ, ಅಭಿಷೇಕಕ್ಕೆ ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆಯೇ ವಾಡಿಕೆ. ಜಾತ್ರೆ ದಟ್ಟಣೆಯಲ್ಲಿ ಸ್ಪರ್ಶ ದರ್ಶನ ಸಿಗದೇ ಹೋಗಬಹುದು, ಆದರೂ 400 ಕಿಲೋಮೀಟರ್ ನಡೆದು ಬೆವರು ನಾರುವ ಬರ್ಮುಡಾದಲ್ಲಿ ನಿಲ್ಲಲು ನನಗಂತೂ ಮನಸ್ಸು ಬರುವುದಿಲ್ಲ. ಯುಗಾದಿ ಗದ್ದಲದಲ್ಲಿ ನಿಮ್ಮ ಗಾಡಿ ಎಲ್ಲೋ ಊರಾಚೆ ನಿಂತಿರುತ್ತದೆ, ಫೋನು ಹತ್ತುವುದಿಲ್ಲ. ಎಲ್ಲಿ ಸೇರಬೇಕು ಎಂದು ಆತ್ಮಕೂರಿನಲ್ಲೇ ಡ್ರೈವರ್ ಜೊತೆ ಮಾತಾಡಿಟ್ಟುಕೊಳ್ಳಿ. ಗುಡಿಯೊಳಗೆ ಮೊಬೈಲು ಬಿಡುವುದಿಲ್ಲ, ಅದನ್ನು ಹಿಡಿದುಕೊಂಡು ಹೊರಗೆ ಕೂರುವವರು ಯಾರು ಎಂಬುದೂ ಮೊದಲೇ ಗೊತ್ತಾಗಲಿ.

ವಾಪಸ್ ಬರುವಾಗ ಬಹಳ ಜನ ಬಸ್ಸು ಹತ್ತುತ್ತಾರೆ, ಬ್ಯಾಗು ಗಾಡಿಯಲ್ಲಿ ಬರುತ್ತದೆ. ಬಸ್ಸು ಬೇಗ ಮುಟ್ಟುತ್ತದೆ, ಗಾಡಿ ತಡವಾಗಿ. ಮನೆ ಕೀಲಿ ಯಾವ ಚೀಲದಲ್ಲಿದೆ ಎಂದು ಬಸ್ಸು ಹತ್ತುವ ಮುಂಚೆ ನೋಡಿಕೊಳ್ಳಿ. ನಾನು ಒಂದು ವರ್ಷ ನೋಡಿಕೊಳ್ಳಲಿಲ್ಲ. ಮನೆಯವರೆಲ್ಲ ಯುಗಾದಿಗೆ ಊರಿಗೆ ಹೋಗಿದ್ದರು. ಬೆಳಗಿನ ಐದಕ್ಕೆ ಬಂದವನು ಮರುದಿನ ಸಂಜೆ ಗಾಡಿ ಬರುವವರೆಗೆ ಪಕ್ಕದ ಮನೆಯ ಕಟ್ಟೆ ಮೇಲೇ ಇದ್ದೆ, ಬೀದಿಯ ಮಕ್ಕಳಿಗೆ ಮಲ್ಲಯ್ಯನ ಪ್ರಸಾದ ಹಂಚುತ್ತಾ.